ಮೊದಲ ಸ್ಥಾನ ಯಾವುದಕ್ಕೆ? ಬದುಕಿನ ಗುರಿಯನ್ನು ಕುರಿತ ಕ್ರೈಸ್ತ ಚಿಂತನೆಯ ಸಮೀಕ್ಷೆ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ಪ್ರಸಂಗಿ’ ಎಂಬ ಹನ್ನೆರಡು ಅಧ್ಯಾಯಗಳ ಪುಟ್ಟ ಗ್ರಂಥವೊಂದಿದೆ. ಅದರಲ್ಲಿ ಮಾತಾಡುವವನು ಎಲ್ಲವನ್ನೂ ಮಾಡಿ ನೋಡಿದ ಮನುಷ್ಯ. ಮನೆಗಳನ್ನು ಕಟ್ಟಿಸಿದ, ದ್ರಾಕ್ಷಿತೋಟ ಮಾಡಿಸಿದ, ಕೆರೆ ತೋಡಿಸಿದ, ಬೆಳ್ಳಿಬಂಗಾರ ಕೂಡಿಹಾಕಿದ, ಹಾಡುಗಾರರನ್ನು ಇಟ್ಟುಕೊಂಡ, ಓದಿ ಜ್ಞಾನಿಯೆನಿಸಿಕೊಂಡ. ಕೊನೆಗೆ ಕೂತು ಲೆಕ್ಕ ಹಾಕಿದಾಗ ಯಾವುದೂ ಕೈಯಲ್ಲಿ ನಿಲ್ಲಲಿಲ್ಲ. ಇಷ್ಟು ಕಟುವಾದ ನಿರಾಶೆಯ ಗ್ರಂಥವನ್ನು ಯೆಹೂದ್ಯರೂ ಕ್ರೈಸ್ತರೂ ಪವಿತ್ರಗ್ರಂಥದ ಒಳಗೇ ಉಳಿಸಿಕೊಂಡರು. ಬದುಕು ಯಾತಕ್ಕಾಗಿ ಎಂದು ಕೇಳುವವನನ್ನು ಅವರು ಅವಿಶ್ವಾಸಿಯೆಂದು ದೂರ ತಳ್ಳಲಿಲ್ಲ.

ಆ ಪ್ರಶ್ನೆಗೆ ಇಂದಿಗೂ ಮುಪ್ಪಾಗಿಲ್ಲ. ಒಳ್ಳೆಯ ಕೆಲಸ ಸಿಕ್ಕಿ, ಮನೆಸಾಲದ ಕಂತು ಶುರುವಾಗಿ, ಮಕ್ಕಳು ಶಾಲೆಗೆ ಸೇರಿ ಎಲ್ಲವೂ ಒಂದು ಹದಕ್ಕೆ ಬಂತು ಎನ್ನುವಾಗಲೇ ಅದು ಎದುರಾಗುತ್ತದೆ. ನಿವೃತ್ತಿಯ ಮರುವಾರ ಬರುತ್ತದೆ. ಹತ್ತಿರದವರನ್ನು ಮಣ್ಣು ಮಾಡಿ ಮನೆಗೆ ಮರಳಿದ ಸಂಜೆ ಬರುತ್ತದೆ. ಅಮೆರಿಕದ ಪಾದ್ರಿ ರಿಕ್ ವಾರೆನ್ 2002ರಲ್ಲಿ ಬರೆದ ‘ದ ಪರ್ಪಸ್ ಡ್ರಿವನ್ ಲೈಫ್’ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು ಎಂದರೆ ಈ ಹಸಿವು ಎಷ್ಟೆಂದು ಊಹಿಸಬಹುದು. ಆದರೆ ಆ ಪುಸ್ತಕ ಎರಡು ಸಾವಿರ ವರ್ಷಗಳ ಸುದೀರ್ಘ ಸಂವಾದದಲ್ಲಿ ಇತ್ತೀಚಿನ ಒಂದು ದನಿ ಮಾತ್ರ. ಕ್ರೈಸ್ತ ಪರಂಪರೆ ಬದುಕಿನ ಗುರಿ ಮತ್ತು ಆದ್ಯತೆಗಳ ಬಗ್ಗೆ ಏನೇನು ಹೇಳಿದೆ, ಎಲ್ಲಿ ಗಟ್ಟಿಯಾಗಿ ನಿಂತಿದೆ, ಎಲ್ಲಿ ಎಡವಿದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಕೇಳಿದ್ದು ಒಂದು, ಕೊಟ್ಟದ್ದು ಎರಡು

ಮಾರ್ಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಒಬ್ಬ ಯೆಹೂದ್ಯ ಶಾಸ್ತ್ರಿ ಯೇಸುವಿನ ಬಳಿ ಬಂದು, ಎಲ್ಲ ಆಜ್ಞೆಗಳಲ್ಲಿ ಮೊದಲನೆಯದು ಯಾವುದು ಎಂದು ಕೇಳುತ್ತಾನೆ. ಆದ್ಯತೆಯ ಪ್ರಶ್ನೆ ಎಂದರೆ ಇದೇ. ಅವನು ಕೇಳಿದ್ದು ಒಂದನ್ನು, ಯೇಸು ಕೊಟ್ಟದ್ದು ಎರಡನ್ನು: ಪೂರ್ಣ ಮನಸ್ಸಿನಿಂದ ದೇವರನ್ನು ಪ್ರೀತಿಸುವುದು, ನೆರೆಯವರನ್ನು ತನ್ನಂತೆಯೇ ಪ್ರೀತಿಸುವುದು. ಮೊದಲನೆಯದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿತ್ತು, ಎರಡನೆಯದು ಯಾಜಕಕಾಂಡದಲ್ಲಿ. ಎರಡೂ ಆ ಶಾಸ್ತ್ರಿಗೆ ಹೊಸದಾಗಿರಲಿಲ್ಲ. ಯೇಸು ಅವೆರಡನ್ನೂ ಬಿಚ್ಚಲಾಗದಂತೆ ಗಂಟು ಹಾಕಿದರು. ಮುಂದಿನ ಎರಡು ಸಾವಿರ ವರ್ಷಗಳ ಕ್ರೈಸ್ತ ಚಿಂತನೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದದ್ದು ಇಷ್ಟು: ಈ ಗಂಟು ಬಿಗಿಯಾಗಿದ್ದಾಗಲೆಲ್ಲ ಬದುಕಿನ ಗುರಿಯ ಬಗೆಗಿನ ಉತ್ತರ ಆರೋಗ್ಯವಾಗಿತ್ತು, ಸಡಿಲಗೊಂಡಾಗಲೆಲ್ಲ ಅದು ಕುಂಟಿತು.

ಲೂಕನ ಸುವಾರ್ತೆಯಲ್ಲಿ ಬರುವ ಶ್ರೀಮಂತ ರೈತನ ಸಾಮತಿ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ. ಅವನ ಹೊಲ ಭರ್ಜರಿ ಬೆಳೆ ಕೊಟ್ಟಿತು. ಅದರಲ್ಲಿ ಅವನದೇನೂ ತಪ್ಪಿಲ್ಲ. ಅವನು ಕದ್ದಿಲ್ಲ, ಯಾರಿಗೂ ಮೋಸ ಮಾಡಿಲ್ಲ. ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಬೇಕು, ಆಮೇಲೆ ಉಂಡು ಕುಡಿದು ಹಾಯಾಗಿರಬೇಕು ಎಂದು ಲೆಕ್ಕ ಹಾಕುತ್ತಾನೆ. ಆ ಲೆಕ್ಕವನ್ನೆಲ್ಲ ಅವನು ಹಾಕುವುದು ತನ್ನೊಂದಿಗೇ ಮಾತಾಡಿಕೊಂಡು. ಹೊಲದಲ್ಲಿ ಕೊಯ್ಲು ಮಾಡಿದ ಆಳುಗಳು ಆ ಮಾತಿನಲ್ಲಿ ಬರುವುದಿಲ್ಲ, ಹೆಂಡತಿಮಕ್ಕಳು ಬರುವುದಿಲ್ಲ, ಪಕ್ಕದ ಹೊಲದವನು ಬರುವುದಿಲ್ಲ, ಮಳೆ ಕೊಟ್ಟ ದೇವರೂ ಬರುವುದಿಲ್ಲ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ದೇವರು ಅವನನ್ನು ಬುದ್ಧಿಹೀನನೆಂದು ಕರೆದದ್ದು ಅವನಲ್ಲಿ ಕಣಜವಿತ್ತೆಂದಲ್ಲ, ಕಣಜದಾಚೆ ಏನೂ ಇರಲಿಲ್ಲವೆಂದು.

ಬೆಟ್ಟದ ಪ್ರಸಂಗದಲ್ಲಿ ಯೇಸು ಅನ್ನ ಬಟ್ಟೆಗಳ ಚಿಂತೆಯ ಬಗ್ಗೆ ಹೇಳುವಾಗ ಅವುಗಳನ್ನು ಹಗುರವಾಗಿ ಕಾಣುವುದಿಲ್ಲ. ನಿಮಗೆ ಇವೆಲ್ಲ ಬೇಕೆಂದು ಪರಲೋಕದ ತಂದೆಗೆ ಗೊತ್ತಿದೆ ಎಂದೇ ಹೇಳುತ್ತಾರೆ. ಬಡಗಿಯ ಮನೆಯಲ್ಲಿ ಬೆಳೆದವರಿಗೆ ಕೂಲಿಯ ಬೆಲೆ ತಿಳಿಯದೇ? ದೇವರ ರಾಜ್ಯ ಮೊದಲು, ಉಳಿದದ್ದು ಆಮೇಲೆ ಎಂಬ ಕ್ರಮವನ್ನಷ್ಟೇ ಅವರು ಒತ್ತಿ ಹೇಳುತ್ತಾರೆ. ಮೊದಲ ಸಾಲು ಸೊಟ್ಟಾದರೆ ಉತ್ತ ಹೊಲವೆಲ್ಲ ಸೊಟ್ಟ ಎಂದು ಒಕ್ಕಲುಮಕ್ಕಳಿಗೆ ಗೊತ್ತಿರುವಂತೆ, ಬದುಕಿನಲ್ಲಿಯೂ ಮೊದಲನೆಯದು ಓರೆಯಾದರೆ ಒಳ್ಳೆಯ ಸಂಗತಿಗಳೂ ಓರೆಯಾಗಿಯೇ ಸಾಗುತ್ತವೆ.

ಪ್ರೀತಿಗೊಂದು ಕ್ರಮ

ಈ ಒಳನೋಟವನ್ನು ತತ್ತ್ವವಾಗಿ ಬೆಳೆಸಿದವರು ಸಂತ ಅಗಸ್ಟೀನ್. ಇಂದಿನ ಅಲ್ಜೀರಿಯಾದ ತಗಾಸ್ತೆ ಎಂಬ ಊರಿನಲ್ಲಿ 354ರಲ್ಲಿ ಹುಟ್ಟಿದ ಅವರು ಭಾಷಣಕಲೆಯ ಅಧ್ಯಾಪಕರಾಗಿ ಮಿಲಾನಿನವರೆಗೆ ಏರಿದವರು. ಹೆಸರು, ಹುದ್ದೆ, ದೊಡ್ಡವರ ಪರಿಚಯ ಎಲ್ಲವೂ ಕೈಗೆಟುಕುವಂತಿದ್ದಾಗಲೇ ಅವರ ಒಳಗು ನೆಮ್ಮದಿ ಕಳೆದುಕೊಂಡಿತ್ತು. 386ರಲ್ಲಿ ಅವರ ಬದುಕು ಕ್ರೈಸ್ತ ನಂಬಿಕೆಯ ಕಡೆ ತಿರುಗಿತು; ಮುಂದೆ ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ಪರಾದರು. ‘ಕನ್ಫೆಷನ್ಸ್’ ಎಂಬ ಅವರ ಆತ್ಮನಿವೇದನೆ ಈ ಹುಡುಕಾಟದ ಕಥೆ.

ಮನುಷ್ಯನ ತೊಂದರೆ ಪ್ರೀತಿ ಇಲ್ಲದಿರುವುದಲ್ಲ, ಪ್ರೀತಿಯ ಕ್ರಮ ಕೆಟ್ಟಿರುವುದು ಎಂಬುದು ಅಗಸ್ಟೀನರ ರೋಗನಿದಾನ. ಹಣ ಕೆಟ್ಟದ್ದಲ್ಲ, ಕೀರ್ತಿ ಕೆಟ್ಟದ್ದಲ್ಲ, ದೇಶ ಕುಟುಂಬಗಳಂತೂ ಒಳ್ಳೆಯವೇ. ಆದರೆ ದೇವರಿಗೆ ಸಲ್ಲಬೇಕಾದ ಮೊದಲ ಸ್ಥಾನವನ್ನು ಇವುಗಳಲ್ಲಿ ಯಾವುದಕ್ಕೆ ಕೊಟ್ಟರೂ ಅದು ಆ ಭಾರ ಹೊರಲಾರದೆ ಕುಸಿಯುತ್ತದೆ. ಮಗನನ್ನೇ ದೇವರು ಮಾಡಿಕೊಂಡ ತಾಯಿ ಕೊನೆಗೆ ಮಗನನ್ನೂ ನೆಮ್ಮದಿಯಾಗಿ ಪ್ರೀತಿಸಲಾರಳು. ಅವನ ಒಂದೊಂದು ಸೋಲೂ ಅವಳ ಲೋಕದ ಅಂತ್ಯವಾಗುತ್ತದೆ. 410ರಲ್ಲಿ ರೋಮ್ ನಗರ ಲೂಟಿಯಾಗಿ ಒಂದು ನಾಗರಿಕತೆಯೇ ದಿಕ್ಕೆಟ್ಟಾಗ ಅಗಸ್ಟೀನ್ ‘ದೇವರ ನಗರ’ ಬರೆಯಲು ಕೂತರು. ಯಾರು ಯಾವುದನ್ನು ಮೊದಲು ಪ್ರೀತಿಸುತ್ತಾರೆ ಎಂಬುದರ ಮೇಲೆಯೇ ಸಮಾಜಗಳ ಗತಿ ನಿಂತಿದೆ ಎಂದು ಅಲ್ಲಿ ವಾದಿಸಿದರು. ಈ ವಿಷಯದಲ್ಲಿ ಕ್ರೈಸ್ತ ಚಿಂತನೆಗೆ ಅವರ ವಿಶ್ಲೇಷಣೆಯೇ ಇಂದಿಗೂ ಅಡಿಪಾಯ.

ಮಠದ ದಿನಚರಿ, ಪೇಟೆಯ ಕಸುಬು

ಕ್ರಮ ಸರಿ, ಅದನ್ನು ದಿನದಿನದ ಬದುಕಿಗೆ ಇಳಿಸುವುದು ಹೇಗೆ? ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಕೊಟ್ಟ ಉತ್ತರ ಒಂದು ವೇಳಾಪಟ್ಟಿ. ಅವರ ಮಠದಲ್ಲಿ ಹಗಲು ಏಳು ಬಾರಿ, ರಾತ್ರಿ ಒಂದು ಬಾರಿ ಪ್ರಾರ್ಥನೆ. ನಡುವೆ ಕೈಕೆಲಸ, ಓದು. ಇಲ್ಲಿ ದೇವರೇ ಮೊದಲು ಎಂಬುದು ಭಾವನೆಯಾಗಿ ಉಳಿಯದೆ ಗಂಟೆಯ ಸದ್ದಾಗಿ ಕೇಳುತ್ತದೆ. ಜತೆಗೆ ಬೆನೆಡಿಕ್ಟರ ನಿಯಮಾವಳಿ ನೆರೆಯವರನ್ನೂ ಮರೆಯುವುದಿಲ್ಲ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು, ಕಾಯಿಲೆಯವರ ಆರೈಕೆ ಎಲ್ಲಕ್ಕಿಂತ ಮುಂದಿರಬೇಕು, ಮಠದ ಗುದ್ದಲಿ ಪಾತ್ರೆಗಳನ್ನು ಬಲಿಪೀಠದ ಪಾತ್ರೆಗಳಷ್ಟೇ ಜೋಪಾನ ಮಾಡಬೇಕು ಎಂದು ಅದು ಕಟ್ಟುಮಾಡಿತು.

ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ದೇವರೇ ಮೊದಲು ಎಂಬ ಈ ಕ್ರಮಕ್ಕೆ ತರ್ಕದ ಬಲ ಕೊಟ್ಟರು. ಸಂಪತ್ತು, ಗೌರವ, ಕೀರ್ತಿ, ಅಧಿಕಾರ, ದೇಹಸುಖಗಳನ್ನು ಒಂದೊಂದಾಗಿ ಎತ್ತಿಕೊಂಡು, ಇದು ಮನುಷ್ಯನ ಪರಮ ಸುಖವಾಗಬಲ್ಲದೇ ಎಂದು ಪರೀಕ್ಷಿಸಿದರು. ಯಾವುದೂ ಆಗಲಾರದು, ದೇವರ ದರ್ಶನವೊಂದೇ ಮನಸ್ಸನ್ನು ಪೂರ್ತಿ ತುಂಬಬಲ್ಲದು ಎಂಬ ತೀರ್ಮಾನಕ್ಕೆ ಬಂದರು. ಮುಂದೆ 1647ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿದ್ದ ಪ್ರೊಟೆಸ್ಟಂಟ್ ಪಂಡಿತರು ಸಿದ್ಧಪಡಿಸಿದ ಕಿರು ಪ್ರಶ್ನೋತ್ತರಿಯ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿಯನ್ನು ಕುರಿತದ್ದು. ದೇವರನ್ನು ಮಹಿಮೆಪಡಿಸುವುದು, ಆತನಲ್ಲಿ ಸದಾಕಾಲ ಆನಂದಿಸುವುದು ಎಂಬುದು ಅದರ ಉತ್ತರದ ತಾತ್ಪರ್ಯ. ಕಥೋಲಿಕರೂ ಪ್ರೊಟೆಸ್ಟಂಟರೂ ಅನೇಕ ವಿಷಯಗಳಲ್ಲಿ ಜಗಳವಾಡಿದರೂ ಇಲ್ಲಿ ಅವರ ದನಿ ಒಂದೇ. ಗುರಿಯೆಂದರೆ ಕರ್ತವ್ಯದ ಹೊರೆ ಮಾತ್ರವಲ್ಲ, ಆನಂದವೂ ಹೌದು ಎಂದು ಇಬ್ಬರೂ ಹೇಳಿದರು.

ಆದರೆ ಮಠದ ದಾರಿಯಲ್ಲಿ ಒಂದು ಅಪಾಯವಿತ್ತು. ಮಠ ಸೇರಿದವರದೇ ಶ್ರೇಷ್ಠ ಬದುಕು, ಉಳುವವರದೂ ನೇಯುವವರದೂ ಎರಡನೆಯ ದರ್ಜೆಯದು ಎಂಬ ಭಾವನೆ ಬೇರೂರಿತು. 1520ರ ಹೊತ್ತಿಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಇದರ ಬುಡಕ್ಕೇ ಕೊಡಲಿ ಹಾಕಿದರು. ಚಪ್ಪಲಿ ಹೊಲಿಯುವವನು, ಹಾಲು ಕರೆಯುವವಳು, ಮಗುವಿನ ಬಟ್ಟೆ ಒಗೆಯುವ ತಂದೆ ಎಲ್ಲರೂ ದೇವರ ಕರೆಯಲ್ಲೇ ಇದ್ದಾರೆ, ದೇವರು ಲೋಕವನ್ನು ಸಾಕುವುದು ಇವರ ಕೈಗಳಿಂದಲೇ ಎಂದು ಸಾರಿದರು. ದೇವರಿಗೆ ನಮ್ಮ ಸತ್ಕಾರ್ಯಗಳ ಅಗತ್ಯವಿಲ್ಲ, ಅಗತ್ಯವಿರುವುದು ನೆರೆಯವನಿಗೆ ಎಂಬುದು ಅವರ ನಿಲುವು. ಕಾಯಕದ ಮಹತ್ವವನ್ನು ಬಸವಣ್ಣನವರ ಕಾಲದಿಂದ ಬಲ್ಲ ಕನ್ನಡಿಗರಿಗೆ ಈ ಮಾತು ಅಪರಿಚಿತವಾಗಿ ಕೇಳಿಸದು.

ಲೂಥರರ ಉತ್ತರಕ್ಕೂ ಅದರದೇ ಕುತ್ತಿತ್ತು. ಹುಟ್ಟಿದ ಸ್ಥಾನದಲ್ಲೇ ಇರು, ಅದೇ ನಿನ್ನ ಕರೆ ಎಂದು ಬಡವನಿಗೆ ಬೋಧಿಸಲು ಅದು ಬಳಕೆಯಾಯಿತು. ಮತ್ತೊಂದೆಡೆ ದುಡಿಮೆಯೇ ದೇವರಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904–05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಪ್ರೊಟೆಸ್ಟಂಟ್ ಶಿಸ್ತು ಹೇಗೆ ಕ್ರಮೇಣ ದೇವರನ್ನು ಕಳಚಿಕೊಂಡು ಗಳಿಕೆಯ ಶಿಸ್ತಾಯಿತು ಎಂದು ವಿವರಿಸಿದರು. ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚಲಾಗದವರಿಗೆ ವೆಬರ್ ಹೇಳಿದ್ದು ನೂರು ವರ್ಷದ ಹಿಂದಿನ ಮಾತೆನಿಸದು.

ಕರೆಯನ್ನು ಗುರುತಿಸುವ ಬಗೆ

ಗುರಿ ಎಲ್ಲರಿಗೂ ಒಂದೇ, ಆದರೆ ಕರೆ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಗುರುತಿಸಲು ನೆಚ್ಚಬಹುದಾದ ವಿಧಾನವನ್ನು ಕೊಟ್ಟವರು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದವರು ಓದಲು ವೀರಗಾಥೆಗಳನ್ನು ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ದಿನಗಟ್ಟಲೆ ಮಲಗಿದ್ದಲ್ಲೇ ಎರಡು ಬಗೆಯ ಕನಸು ಕಂಡರು. ರಾಜಾಸ್ಥಾನದ ಹೆಣ್ಣೊಬ್ಬಳಿಗಾಗಿ ಪರಾಕ್ರಮ ಮೆರೆಯುವ ಕನಸು ಕಾಣುವಾಗ ಸಿಹಿ, ಮುಗಿದ ಮೇಲೆ ಬರಿದು. ಸಂತರಂತೆ ಬಾಳುವ ಕನಸು ಮುಗಿದ ಮೇಲೂ ಮನಸ್ಸು ತಿಳಿಯಾಗಿ ಉಳಿಯುತ್ತಿತ್ತು. ಯಾವುದು ಕ್ಷಣದ ಸುಖ, ಯಾವುದು ಆಳದ ಸಮಾಧಾನ ಎಂದು ಗಮನಿಸುವ ಈ ಅಭ್ಯಾಸವೇ ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೃತಿಯಾಯಿತು. 1548ರಲ್ಲಿ ಪೋಪರ ಒಪ್ಪಿಗೆ ಪಡೆಯಿತು. ಪ್ರತಿದಿನ ಸ್ವಲ್ಪ ಹೊತ್ತು ಕೂತು, ದೇವರಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ಕಳೆದ ದಿನವನ್ನು ಒಂದೊಂದು ಗಳಿಗೆಯಾಗಿ ನೋಡಿ, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ನಿರ್ಧಾರ ಮಾಡುವ ಆತ್ಮಪರೀಕ್ಷೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ.

ಕರೆ ಬರುವ ದಾರಿ ಎಷ್ಟು ಬಗೆಯದೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಗಳಿವೆ. ಕಾರ್ಕಳದ ಮಾಳ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಹೆಣ್ಣಿಗೆ ಸಂಸ್ಕೃತ ಕಲಿಸಿದ ತಂದೆ, ಊರೂರು ಅಲೆದ ಬಾಲ್ಯ, ಬರದ ಹಸಿವಿಗೆ ತುತ್ತಾದ ಹೆತ್ತವರು, ಕಲ್ಕತ್ತೆಯಲ್ಲಿ ಸಿಕ್ಕ ‘ಪಂಡಿತಾ’ ಬಿರುದು, ಕಿರಿವಯಸ್ಸಿನ ವೈಧವ್ಯ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು ಚರ್ಚಿನ ಹಿರಿಯರಿಗೆ ತಲೆಯಾಡಿಸುತ್ತ ಕೂರಲಿಲ್ಲ. ಒಪ್ಪದ ಕಡೆ ವಾದಿಸಿದರು. 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ, ಅನಾಥರಾದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಪುಣೆಯ ಕಡೆ ಕರೆತಂದರು. ಅವರಿಗೆ ಆಶ್ರಯವಾದ ಕೇಡಗಾಂವದ ಮುಕ್ತಿ ಸದನ ಬೆಳೆದದ್ದು ಹೀಗೆ. ತಾವು ಉಂಡ ಸಂಕಟವೇ ಅವರಿಗೆ ಕರೆಯಾಯಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದ ಕೆಲಸವನ್ನು 1922ರಲ್ಲಿ ತೀರಿಕೊಳ್ಳುವ ಮುನ್ನ ಮುಗಿಸಿದರು. ದೇವರ ಪ್ರೀತಿ ಮತ್ತು ನೆರೆಯವರ ಪ್ರೀತಿಯ ಗಂಟು ಒಂದು ಬದುಕಿನಲ್ಲಿ ಇಷ್ಟು ಬಿಗಿಯಾಗಿ ಕೂಡಿದ್ದು ಅಪರೂಪ.

ಮಂಗಳೂರಿಗೆ 1878ರಲ್ಲಿ ಬಂದ ಜರ್ಮನ್ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಪಾಠ ಹೇಳಲು ಬಂದವರು. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಅಲ್ಲಿಂದ ಬೆಳೆದದ್ದು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರಿಗೆ ಕರೆ ಕೇಳಿಸಿದ್ದು ಹಳ್ಳಿಗರ ನಾಲಿಗೆಯ ಮೇಲಿದ್ದ ತ್ರಿಪದಿಗಳಲ್ಲಿ. ಊರೂರು ತಿರುಗಿ, ಓಲೆಗರಿಗಳನ್ನು ಹುಡುಕಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. ಕ್ರಿಸ್ತನನ್ನು ಮೊದಲಿಟ್ಟವರು ನೆರೆಯವರ ನುಡಿಸಂಪತ್ತನ್ನೂ ತಮ್ಮದೆಂದು ಕಾಪಾಡಬಲ್ಲರು ಎಂಬುದಕ್ಕೆ ಅವರಿಗಿಂತ ಒಳ್ಳೆಯ ನಿದರ್ಶನ ಕನ್ನಡದಲ್ಲಿ ನನಗೆ ಕಾಣದು.

ನೆರೆಯವರು ಯಾರು?

ಇಪ್ಪತ್ತನೆಯ ಶತಮಾನ ಈ ಪ್ರಶ್ನೆಯನ್ನು ಇನ್ನಷ್ಟು ಚೂಪಾಗಿಸಿತು. ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಕ್ ಬೋನ್‌ಹಾಫರ್ 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯಬಹುದಿತ್ತು. ತನ್ನ ಜನ ಸಂಕಟದಲ್ಲಿರುವಾಗ ದೂರವಿದ್ದರೆ ನಾಳೆ ಅವರ ನಡುವೆ ನಿಂತು ಮಾತಾಡುವ ಹಕ್ಕು ತನಗಿರದೆಂದು ಕೆಲವೇ ವಾರಗಳಲ್ಲಿ ಹಿಂದಿರುಗಿದರು. ಹಿಟ್ಲರನ ವಿರುದ್ಧದ ಸಂಚಿನ ನಂಟಿಗಾಗಿ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಆದ್ಯತೆ ಎಂಬ ಮಾತಿಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಇಷ್ಟು.

ಪೆರು ದೇಶದ ಗುರು ಗುಸ್ತಾವೊ ಗುಟಿಯೆರೆಸ್ 1971ರಲ್ಲಿ ವಿಮೋಚನಾ ದೇವಶಾಸ್ತ್ರದ ತಮ್ಮ ಗ್ರಂಥವನ್ನು ಹೊರತಂದರು. ನೆರೆಯವನು ಬಡವನಾಗಿರುವುದು ಆಕಸ್ಮಿಕವಲ್ಲ, ಅವನನ್ನು ಬಡವನನ್ನಾಗಿಸುವ ವ್ಯವಸ್ಥೆಯಿದೆ. ಅವನನ್ನು ಪ್ರೀತಿಸುವುದೆಂದರೆ ಆ ವ್ಯವಸ್ಥೆಯನ್ನು ಎದುರಿಸುವುದೂ ಹೌದು ಎಂದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣ ಭಾರತದಲ್ಲಿ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಚರ್ಚಿನ ಬೆಂಚುಗಳಲ್ಲೂ ಸ್ಮಶಾನದಲ್ಲೂ ಜಾತಿಯ ಗೋಡೆ ಕಂಡವರು, ನೀವು ಹೇಳುವ ನೆರೆಯವರ ಪಟ್ಟಿಯಲ್ಲಿ ನಾವಿದ್ದೇವೆಯೇ ಎಂದು ಕೇಳಿದ ಪ್ರಶ್ನೆ ಅದು. ಭಾರತದ ಕ್ರೈಸ್ತಸಭೆ ಅದಕ್ಕೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಇದೇ ಶತಮಾನದಲ್ಲಿ ತೀರ ಬೇರೆಯದೊಂದು ಬೋಧೆಯೂ ಹಬ್ಬಿತು. ನಂಬಿಕೆಯಿಟ್ಟು ಕಾಣಿಕೆ ಕೊಟ್ಟರೆ ದೇವರು ಆರೋಗ್ಯ, ಕಾರು, ಬಡ್ತಿ, ವೀಸಾ ಕೊಡುತ್ತಾನೆ ಎನ್ನುವ ಸಮೃದ್ಧಿಯ ಸುವಾರ್ತೆ ಅಮೆರಿಕದ ದೂರದರ್ಶನ ಬೋಧಕರಿಂದ ಹೊರಟು ನಮ್ಮ ನಗರಗಳ ಸಭಾಂಗಣಗಳಿಗೂ ಬಂದಿದೆ. ಕಷ್ಟದಲ್ಲಿರುವವರು ಅಲ್ಲಿಗೆ ಯಾಕೆ ಹೋಗುತ್ತಾರೆಂಬುದು ಅರ್ಥವಾಗುವಂಥದ್ದೇ. ಅವರನ್ನು ಹೀಯಾಳಿಸುವುದು ಸಲ್ಲದು. ಆದರೆ ಆ ಬೋಧೆ ತಪ್ಪು ಎಂದು ನೇರವಾಗಿ ಹೇಳಲೇಬೇಕು. ದೇವರನ್ನು ಅದು ಸಾಧನವಾಗಿಸುತ್ತದೆ, ನೆರೆಯವರನ್ನು ಮರೆಸುತ್ತದೆ. ಕಾಯಿಲೆ ಗುಣವಾಗದವನ ತಲೆಯ ಮೇಲೆ ನಂಬಿಕೆ ಸಾಲದೆಂಬ ಆಪಾದನೆಯನ್ನೂ ಹೊರಿಸುತ್ತದೆ. ತಪ್ಪಿಲ್ಲದೆಯೂ ನರಳಿದ ಯೋಬನ ಕಥೆಯನ್ನು ಬೈಬಲಿನಲ್ಲಿ ಓದಿದವರು, ಶಿಲುಬೆಯನ್ನು ನೋಡಿದವರು ಇದನ್ನು ಕ್ರಿಸ್ತನ ಬೋಧೆಯೆಂದು ಒಪ್ಪುವುದು ಹೇಗೆ?

ಏನನ್ನೂ ಸಾಧಿಸಲಾಗದವರ ಬದುಕು

ಬದುಕಿನ ಗುರಿಯ ಬಗೆಗಿನ ಯಾವ ಮಾತಿಗೂ ಕಡೆಯ ಪರೀಕ್ಷೆ ಒಂದಿದೆ. ಹಾಸಿಗೆ ಹಿಡಿದವರಿಗೆ, ನೆನಪು ಅಳಿದ ಮುದುಕಿಗೆ, ಮಾತೇ ಬಾರದ ಮಗುವಿಗೆ ಅದು ಅನ್ವಯಿಸುತ್ತದೆಯೇ? ಅನ್ವಯಿಸದಿದ್ದರೆ ಅದು ಗಟ್ಟಿಮುಟ್ಟಾದವರಿಗೆ ಬರೆದ ಯಶಸ್ಸಿನ ಸೂತ್ರ, ಅಷ್ಟೆ.

ಯೇಲ್, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದ ಡಚ್ ಗುರು ಹೆನ್ರಿ ನೌವೆನ್ 1986ರಲ್ಲಿ ಆ ಲೋಕವನ್ನು ಬಿಟ್ಟು, ಕೆನಡಾದ ಟೊರಾಂಟೊ ಬಳಿ ಬೌದ್ಧಿಕ ನ್ಯೂನತೆಯುಳ್ಳವರ ಜತೆ ಬಾಳುವ ‘ಡೇಬ್ರೇಕ್’ ಸಮುದಾಯ ಸೇರಿದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸ, ಮಾತಾಡಲಾಗದ, ತಾನಾಗಿ ನಡೆಯಲಾಗದ ಆ್ಯಡಮ್ ಎಂಬ ಯುವಕನನ್ನು ಬೆಳಿಗ್ಗೆ ಎಬ್ಬಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ತಿಂಡಿಯ ಮುಂದೆ ಕೂರಿಸುವುದು. ಮೊದಮೊದಲು ನೌವೆನ್ ಹೆದರಿದರು. ಅವರ ಪುಸ್ತಕಗಳು ಆ್ಯಡಮ್‌ಗೆ ಬೇಕಿರಲಿಲ್ಲ, ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಕ್ರಮೇಣ ಆ ಬೆಳಗಿನ ಹೊತ್ತೇ ಅವರಿಗೆ ದಿನದ ಪ್ರಾರ್ಥನೆಯಂತಾಯಿತು. ಸಾಧನೆಯೇ ಬೆಲೆಯ ಅಳತೆಯಾಗಿದ್ದ ಲೋಕದಿಂದ ಬಂದವರಿಗೆ, ಮನುಷ್ಯನ ಬೆಲೆ ಅವನು ಮಾಡುವುದರಿಂದ ಹುಟ್ಟುವುದಿಲ್ಲ, ದೇವರ ಪ್ರೀತಿಯಿಂದ ಹುಟ್ಟುತ್ತದೆ ಎಂದು ಕಲಿಸಿದವನು ಆ್ಯಡಮ್. ಸುವಾರ್ತೆಯಲ್ಲಿ ಯೇಸು ಒಂದೂ ಅದ್ಭುತ ಮಾಡುವ ಮುನ್ನ, ದೀಕ್ಷಾಸ್ನಾನದ ಗಳಿಗೆಯಲ್ಲೇ, ಪ್ರಿಯ ಮಗನೆಂಬ ದನಿ ಕೇಳಿಸಿತು. ಪ್ರೀತಿ ಮೊದಲು, ಕೆಲಸ ಆಮೇಲೆ.

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲವನ್ನೂ ಒಟ್ಟಿಗೆ ನೋಡಿದರೆ ಕ್ರೈಸ್ತ ಉತ್ತರದ ರೂಪುರೇಷೆ ಸ್ಪಷ್ಟವಾಗುತ್ತದೆ. ಬದುಕಿನ ಗುರಿಯನ್ನು ನಾವು ಕಂಡುಹಿಡಿಯಬೇಕಾಗಿಲ್ಲ, ಅದು ಕೊಟ್ಟಿರುವಂಥದ್ದು: ದೇವರನ್ನೂ ನೆರೆಯವರನ್ನೂ ಪ್ರೀತಿಸುವುದು. ನಮ್ಮ ಪಾಲಿಗೆ ಉಳಿದಿರುವುದು ಕ್ರಮವನ್ನು ಸರಿಪಡಿಸಿಕೊಳ್ಳುವ ನಿತ್ಯದ ಕೆಲಸ. ಮಹತ್ತಾದ ಒಂದು ಕರೆ ಬಂದೇ ಬರುತ್ತದೆಂದು ಕಾಯುತ್ತ ಕೂತು ಮನೆಯಲ್ಲಿರುವ ಮುದಿ ತಾಯಿಯನ್ನು, ಪಕ್ಕದ ಮೇಜಿನ ಸಹೋದ್ಯೋಗಿಯನ್ನು, ಬಾಗಿಲಿಗೆ ಬಂದವರನ್ನು ಕಾಣದೆ ಹೋಗುವುದು ಅನೇಕರು ಮಾಡುವ ತಪ್ಪು. ದೇವರ ಹೆಸರಿನಲ್ಲಿ ಮನುಷ್ಯರನ್ನು ಕಡೆಗಣಿಸುವುದೂ ತಪ್ಪೇ. ಸೇವೆಯ ಗದ್ದಲದಲ್ಲಿ ದೇವರೆದುರು ಸುಮ್ಮನೆ ಕೂರಲು ಬಿಡುವಿಲ್ಲದಂತಾಗುವುದೂ ತಪ್ಪೇ. ಯೇಸುವಿನ ಉಪಚಾರಕ್ಕೆ ಓಡಾಡಿದ ಮಾರ್ಥಾ, ಅವರ ಪಾದದ ಬಳಿ ಕೂತು ಕೇಳಿದ ಮರಿಯಾ, ಈ ಅಕ್ಕತಂಗಿಯರಿಬ್ಬರೂ ಇರಬೇಕಾದ ಮನೆ ಇದು.

ನಮ್ಮ ಆದ್ಯತೆಗಳು ಯಾವುವೆಂದು ನಮ್ಮ ಬಾಯಿಮಾತಿನಿಂದ ತಿಳಿಯುವುದಿಲ್ಲ. ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನ ಮನೆಗೆ ಯೇಸು ಬಂದ ದಿನ ಅವನ ಬದಲಾವಣೆ ಮೊದಲು ಕಾಣಿಸಿಕೊಂಡದ್ದು ಅವನ ಹಣದ ಚೀಲದಲ್ಲಿ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಈ ಲೇಖನ ಓದಿದವರಲ್ಲಿ ನನ್ನದೊಂದು ವಿನಂತಿ. ಇಂದು ಮಲಗುವ ಮುನ್ನ ಹೋದ ತಿಂಗಳ ಬ್ಯಾಂಕ್ ಪಾಸ್‌ಬುಕ್ಕನ್ನೂ ಹೋದ ವಾರದ ದಿನಚರಿಯನ್ನೂ ಎದುರಿಗಿಟ್ಟುಕೊಳ್ಳಿ. ಅವುಗಳಲ್ಲಿ ಮೊದಲ ಸ್ಥಾನ ಯಾರಿಗೆ, ಯಾವುದಕ್ಕೆ ಸಂದಿದೆ ಎಂದು ಪ್ರಾಮಾಣಿಕವಾಗಿ ನೋಡಿ. ನೋಡಿದ ಮೇಲೆ ಬದಲಿಸಬೇಕಾದದ್ದು ಒಂದಾದರೂ ಕಂಡರೆ, ಹೊಸ ವರ್ಷಕ್ಕೋ ನಿವೃತ್ತಿಗೋ ಕಾಯದೆ ಅದನ್ನು ನಾಳೆಯೇ ಬದಲಿಸಿ.